ತಮ್ಮ 27 ವರ್ಷದಾಂವ, ತನ್ನ ಕಿವಿಗೆ ತಾನ ಬಡಕೊಂತಾನ: ರಕ್ತದ ಟೆಸ್ಟಿನ್ಯಾಗ ಕಾರಣ ಸಿಗತೈತೇನ್ರಿ?

ಜಮಖಂಡಿ_ಅಕ್ಕ
ನಮಸ್ಕಾರ್ರಿ ಎಲ್ಲಾರಿಗೂ. ನನ್ನ ತಮ್ಮಗ ಈಗ 27, ಆಟಿಸಂ ಐತಿ, ಬುದ್ಧಿ ಬೆಳವಣಿಗಿನೂ ಕಡಿಮಿ, ನೀರು, ಅವ್ವ, ಬ್ಯಾಡ ಅನ್ನೋವಂಥ ನಾಕೈದು ಮಾತು ಬಿಟ್ರ ಬ್ಯಾರೆ ಮಾತಿಲ್ಲ. ಸಣ್ಣಾಂವ ಇದ್ದಾಗಿಂದ ಸಿಟ್ಟು ಬಂದ್ರ ಕೈ ಕಚ್ಚಿಕೊಳ್ತಿದ್ದ, ಅದು ಮನ್ಯಾಗ ಎಲ್ಲಾರಿಗೂ ರೂಢಿ ಆಗಿತ್ತು. ಆದ್ರ ದೀಪಾವಳಿ ಆದಮ್ಯಾಲೆ ಬ್ಯಾರೇದ ಶುರು ಆಗೇತಿ, ಮುಷ್ಟಿ ಕಟ್ಟಿ ಬಲಗಡೆ ಕಿವಿಗೆ, ದವಡಿಗೆ ಬಡಕೊಂತಾನ, ನಡುರಾತ್ರಿ ಎದ್ದು ಕುಂತು ಬಡಕೊಂತಾನ. ಕಿವಿ ಹಾಲಿ ದಪ್ಪ ಆಗಿ ಸುಕ್ಕು ಬಿದ್ದೈತಿ. ಅವ್ವಗ 60 ದಾಟೇತಿ, ಕೈ ಹಿಡ್ಯಾಕ ಹೋದ್ರ ಅಕಿನೂ ಬೀಳ್ತಾಳ.

ತೋರಿಸಿದ ಕಡೆ ಗುಳಿಗಿ ಏರಸ್ಯಾರ, ಮಂಪರಿನ್ಯಾಗ ಬಿದ್ದಿರ್ತಾನ, ಎದ್ದ ಕೂಡ್ಲೇ ಮತ್ತ ಅದ. ಒಬ್ಬರಂತೂ "ಇಂಥವರಿಗೆ ನೋವು ಗೊತ್ತಾಗಂಗಿಲ್ಲಮ್ಮ, ಅದಕ್ಕ ಬಡಕೊಂತಾರ" ಅಂದು ಕಳಿಸಿಬಿಟ್ರು. ಈಗ ಒಬ್ಬ ಏಜೆಂಟ್ ಮನೀಗೆ ಬಂದು, ಕೂದಲಾ ಮತ್ತ ರಕ್ತ ಕಳಿಸಿದ್ರ ಯಾಕ ಬಡಕೊಂತಾನಂತ ರಿಪೋರ್ಟ್ ಬರ್ತೈತಿ, ಬಯೋಮಾರ್ಕರ್ ಟೆಸ್ಟ್ ಅಂತಾರ ಅದಕ್ಕ ಅಂತ ಹೇಳಿ ದೊಡ್ಡ ರೊಕ್ಕಾ ಕೇಳಾಕತ್ತಾನ. ಅವ್ವ ಕಿವ್ಯಾಗಿನ ಬೆಂಡೋಲಿ ಒತ್ತಿ ಇಡೂಣು ಅನ್ನಾಕತ್ತಾಳ. ಖರೇನ ಅಂಥಾ ಟೆಸ್ಟ್ ಐತೇನ್ರಿ? ಗೊತ್ತಿದ್ದವರು ಲಗೂನ ಹೇಳ್ರಿ.

ಇಳಕಲ್_ಅವ್ವ
ಬೆಂಡೋಲಿ ಇಡಬ್ಯಾಡ್ರಿ ತಂಗಿ. ಮೊದ್ಲ ಹಲ್ಲು ತೋರಸ್ರಿ. ಈಗ ಮಗ್ಗದ ಕೆಲಸ ಐತಿ, ರಾತ್ರಿ ದೊಡ್ಡದಾಗಿ ಬರೀತೇನಿ.

ಅಥಣಿ_ಅಪ್ಪ
ಟೆಸ್ಟ್ ಇಲ್ಲಂತ ಹೆಂಗ ಹೇಳ್ತೀರಿ? ಬಡಕೊಳ್ಳೋರ ರಕ್ತದಾಗ ಎಂಡಾರ್ಫಿನ್, ಅಂದ್ರ ಮೈಯಾಗ ತಾನ ಹುಟ್ಟೂ ನೋವು ತಗ್ಗಿಸೂ ವಸ್ತು, ಹೆಚ್ಚ ಇರ್ತೈತಿ ಅಂತ ನಾನ ಓದೇನಿ. ನನ್ನ ಮಗಗ 31, ಹಣಿ ಗ್ವಾಡಿಗೆ ಹೊಡಕೊಂತಾನ. ಶುಗರ್ ಇದ್ದವರಿಗೆ ಟೆಸ್ಟ್ ಐತಿ, ಥೈರಾಯ್ಡ್ ಇದ್ದವರಿಗೆ ಐತಿ, ನಮ್ಮ ಮಕ್ಕಳಿಗೆ ಅಷ್ಟ ಯಾಕ ಇರಬಾರದು? ಅಂದಾಜಿನ ಮ್ಯಾಲೆ ಗುಳಿಗಿ ನುಂಗಿಸಿ ನುಂಗಿಸಿ ಸಾಕಾಗೇತಿ ನನಗ.

ಲ್ಯಾಬ್_ಹುಡುಗ_ಬೆಳಗಾವಿ
ಅಥಣಿ ಅಣ್ಣಾರ, ನಾನು ಲ್ಯಾಬಿನ್ಯಾಗ ಕೆಲಸ ಮಾಡಾಂವ, ನೀವು ಓದಿದ್ದು ಸುಳ್ಳಲ್ಲ. ಆದ್ರ ಬೀಟಾ-ಎಂಡಾರ್ಫಿನ್ ಅಂದ್ರ ಶುಗರ್ ಟೆಸ್ಟ್ ಮಾಡಿದಂಗ ಮಾಡೂ ಮಾತಲ್ರಿ. ರಕ್ತ ತಗದ ಕೂಡ್ಲೇ ನೇರಳಿ ಮುಚ್ಚಳದ ಟ್ಯೂಬಿಗೆ ಹಾಕಿ ಐಸಿನ್ಯಾಗ ಇಡಬೇಕು, ತಣ್ಣಗಿನ ಸೆಂಟ್ರಿಫ್ಯೂಜಿನ್ಯಾಗ ತಿರುವಬೇಕು, ಪ್ಲಾಸ್ಮಾ ಬ್ಯಾರೆ ಮಾಡಿ ಗಟ್ಟಿ ಹೆಪ್ಪುಗಟ್ಟಿಸಿ ಇಡಬೇಕು. ಏಜೆಂಟ್ ಬೈಕಿನ ಡಿಕ್ಕಿಯೊಳಗ ಇಟ್ಕೊಂಡು ಜಮಖಂಡಿ ಬಿಸಿಲಾಗ ಹೊಂಟ್ರ ಆ ಸ್ಯಾಂಪಲಿನ್ಯಾಗ ಅಳಿಯಾಕ ಏನೂ ಉಳಿಯಂಗಿಲ್ಲ.

ಕಾರ್ಟಿಸೋಲ್ ಅಂತ ಒತ್ತಡದ ಹಾರ್ಮೋನ್ ಒಂದ ಐತಿ, ಅದರ ಕತಿನೂ ಹಂಗ. ಮುಂಜಾನೆ ಮ್ಯಾಲೆ ಇರ್ತೈತಿ, ನಡುರಾತ್ರಿಗೆ ಪೂರಾ ಇಳದಿರ್ತೈತಿ. ಹೊತ್ತು ಬರೀದ ಒಂದ ನಂಬರ್ ಕೊಟ್ರ ಅದಕ್ಕ ಅರ್ಥ ಇಲ್ಲ. ಮತ್ತ ನಾಕ ಮಂದಿ ಅಮುಕಿ ಹಿಡದು ಸೂಜಿ ಚುಚ್ಚಿದ್ರ ಯಾರದಾದ್ರೂ ಕಾರ್ಟಿಸೋಲ್ ಏರೂದ ಅಲ್ರಿ? ಅದಕ್ಕ ಸಂಶೋಧನಾ ಮಾಡೋರು ಜೊಲ್ಲು ತಗೋತಾರ, ಹತ್ತಿ ತುಂಡು ಬಾಯಾಗ ಇಟ್ಟು. ಜೊಲ್ಲಿನ್ಯಾಗ ಕಾರ್ಟಿಸೋಲ್ ಸಿಗತೈತಿ, ಆಲ್ಫಾ-ಅಮೈಲೇಸ್ ಅನ್ನೂದೂ ಸಿಗತೈತಿ, ಎರಡೂ ಮೈಯಾಗಿನ ಒತ್ತಡ ತೋರಸ್ತಾವ. ಆದ್ರ ಒತ್ತಡ ಐತಿ ಅಂತ ತೋರಸ್ತಾವ, ಯಾಕ ಐತಿ ಅಂತ ಹೇಳಂಗಿಲ್ಲ.

ಮುಧೋಳ_ಕಾಕಾ
ಇದೆಲ್ಲಾ ಹಟ ರೀ. ಕೇಳಿದ್ದು ಕೊಟ್ಟು ಕೊಟ್ಟು ರೂಢಿ ಮಾಡಸ್ತೀರಿ. ನಮ್ಮ ಓಣ್ಯಾಗೊಬ್ಬ ಹಿಂಗ ಮಾಡ್ತಿದ್ದ, ಕೈ ಕಟ್ಟಿ ಕುಂಡ್ರಿಸಿದ್ರು, ಸುಮ್ಮಾದ.

ಇಳಕಲ್_ಅವ್ವ
ಕಾಕಾ, ಕೈ ಕಟ್ಟಿದ್ರ ಬಡಕೊಳ್ಳೂದು ನಿಲ್ಲತೈತಿ, ಒಳಗಿನ ನೋವು ನಿಲ್ಲತೈತೇನ್ರಿ?

ನನ್ನ ಮಗಂದ ಹೇಳ್ತೇನಿ ಕೇಳ್ರಿ. ಅಂವಗ ಖಡಕ್ ರೊಟ್ಟಿ ಅಂದ್ರ ಜೀವ, ಶೇಂಗಾ ಹಿಂಡಿ ಹಚ್ಚಿ ಕರಕರ ತಿಂತಿದ್ದ. ಒಂದಿನ ರೊಟ್ಟಿ ಮುರದು ಸಾರಿನ್ಯಾಗ ನೆನಸಾಕ ಶುರು ಮಾಡಿದ. ಆಮ್ಯಾಲೆ ಎಡಗಡೆ ಅಷ್ಟ ಅಗಿಯೂದು. ಆಮ್ಯಾಲೆ ಬಲಗಡೆ ಗಲ್ಲಕ್ಕ ಗುದ್ದಿಕೊಳ್ಳೂದು. ಮೂರೂ ಒಂದರ ಹಿಂದ ಒಂದ ಬಂದ್ರೂ ಮನ್ಯಾಗ ಯಾರೂ ಕೂಡಿಸಿ ನೋಡ್ಲಿಲ್ಲ, ಡಾಕ್ಟರೂ ಕೇಳ್ಲಿಲ್ಲ, ಎಲ್ಲಾರೂ "ಅವನ ಸ್ವಭಾವ" ಅಂದ್ರು. ಕಡೀಕ ಅರವಳಿಕಿ ಕೊಟ್ಟು ಬಾಯಿ ತಗದು ನೋಡಿದ್ರ ಹಿಂದಿನ ದವಡಿ ಹಲ್ಲಿನ ಬುಡಕ್ಕ ಕೀವು ತುಂಬಿತ್ತು. ಹಲ್ಲು ಕಿತ್ತರು, ಗಾಯ ಮಾಯೂದರೊಳಗ ಗುದ್ದಿಕೊಳ್ಳೂದು ಹೋತು. ಸಿಟ್ಟು ಬಂದಾಗ ಕೈ ಕಚ್ಚಿಕೊಳ್ಳೂದು ಈಗೂ ಐತಿ, ಅದು ಬ್ಯಾರೆ. ಅದಕ್ಕ ತಂಗಿ, ಹೊಸಾದು ಶುರು ಆಗೇತಿ ಅಂದ್ರಲ್ಲ, ಅದೂ ಒಂದ ಕಡೆ ಅಂದ್ರಲ್ಲ, ಅದನ್ನ ಗಟ್ಟಿ ಹಿಡೀರಿ.

ಹೊಸೂರು_ಹುಡುಗಿ
ಅವ್ವಾರ, ಓದಿ ಕಣ್ಣಾಗ ನೀರು ಬಂತು.

ಡಾಕ್ಟರ್_ವಿಜಯಪುರ
ಅಕ್ಕಾರ, ನಾನು ಮನೋರೋಗ ವಿಭಾಗದಾಗ ಕೆಲಸ ಮಾಡ್ತೀನಿ. "ಯಾಕ ಬಡಕೊಳ್ತಾನ" ಅಂತ ಹೇಳೋ ರಕ್ತದ ಟೆಸ್ಟ್ ಯಾವ ದವಾಖಾನ್ಯಾಗೂ ಇಲ್ಲ. ಏಜೆಂಟಗ ಒಂದ ಪೈಸಾನೂ ಕೊಡಬ್ಯಾಡ್ರಿ. ಆದ್ರ ಸಂಶೋಧನೆ ನಡದದ, ಅದು ಗಂಭೀರ ಕೆಲಸ, ಅದನ್ನೂ ಹೇಳ್ತೀನಿ, ಅಥಣಿ ಸರ್ ಕೇಳಿದ್ದಕ್ಕ ಉತ್ತರ ಅದರಾಗ ಅದ.

ನಮ್ಮ ಮೈಯಾಗ ಪಿಒಎಂಸಿ ಅಂತ ಒಂದು ದೊಡ್ಡ ಪ್ರೋಟೀನ್ ತಯಾರಾಗ್ತದ, ಅದು ತುಂಡಾಗಿ ಎಸಿಟಿಎಚ್ ಮತ್ತ ಬೀಟಾ-ಎಂಡಾರ್ಫಿನ್ ಎರಡೂ ಹುಟ್ಟತಾವ. ಎಸಿಟಿಎಚ್ ಕಾರ್ಟಿಸೋಲ್ ಏರಸ್ತದ, ಎಂಡಾರ್ಫಿನ್ ನೋವು ತಗ್ಗಸ್ತದ. ಒತ್ತಡ ಬಂದಾಗ ಎರಡೂ ಕೂಡೇ ಏರಬೇಕು. ಕ್ಯಾಲಿಫೋರ್ನಿಯಾದ ಕರ್ಟ್ ಸ್ಯಾಂಡ್‌ಮನ್ ಮತ್ತ ಅವರ ಜೊತಿಗಾರರು ಬುದ್ಧಿ ಬೆಳವಣಿಗಿ ಕುಂಠಿತ ಇರೋ ವಯಸ್ಕರೊಳಗ, ಪೆಟ್ಟು ಮಾಡ್ಕೊಂಡ ಸ್ವಲ್ಪ ಹೊತ್ತಿನ್ಯಾಗ ರಕ್ತ ತಗದು ನೋಡಿದ್ರು. ಕೆಲವರಿಗೆ ಎಂಡಾರ್ಫಿನ್ ಒಂದ ಏರಿತ್ತು, ಎಸಿಟಿಎಚ್ ಅದರ ಜೊತಿಗೆ ಏರಿರಲಿಲ್ಲ. ಅಂಥವರಿಗೆ ನಾಲ್ಟ್ರೆಕ್ಸೋನ್ ಕೊಟ್ಟಾಗ ಬಡಕೊಳ್ಳೋದು ಹೆಚ್ಚ ಕಡಿಮಿ ಆತು ಅಂತ ಬರದಾರ. ನಾಲ್ಟ್ರೆಕ್ಸೋನ್ ಅಂದ್ರ ಅಫೀಮಿನ ಚಟ ಬಿಡಸಾಕ ಅಮೆರಿಕಾದಾಗ 1984ರಾಗ ಒಪ್ಪಿಗಿ ಪಡದ ಗುಳಿಗಿ, ಎಂಡಾರ್ಫಿನ್ ಹೋಗಿ ಕೂಡೋ ಜಾಗಾನ ಮೊದಲ ಹಿಡಕೊಂಡು ಕೂಡ್ತದ. ಅಂದ್ರ ಪೆಟ್ಟು ಮಾಡ್ಕೊಂಡಾಗ ಒಳಗ ಏನರೆ ಸಮಾಧಾನ ಸಿಗ್ತಿದ್ರ ಅದು ಸಿಗಬಾರದು ಅನ್ನೋ ಲೆಕ್ಕಾಚಾರ.

ಅಡಚಣಿ ಏನಂದ್ರ, ನೋಡಿದ ಮಂದಿ ಕಡಿಮಿ, ಎಲ್ಲಾರಿಗೂ ಒಂದ ಥರ ಗುಣ ಬರ್ಲಿಲ್ಲ. 2013ರಾಗ ಕೊಕ್ರೇನ್ ಅಂತ ಔಷಧದ ಪುರಾವೆ ತೂಗಿ ನೋಡೋ ಸಂಸ್ಥೆ ವಯಸ್ಕರ ಮ್ಯಾಲಿನ ಪ್ರಯೋಗ ಎಲ್ಲಾ ಒಟ್ಟಿಗೆ ನೋಡಿದಾಗ, ನಾಲ್ಟ್ರೆಕ್ಸೋನ್ ಆಗ್ಲಿ ಬ್ಯಾರೆ ಔಷಧ ಆಗ್ಲಿ, ಪುರಾವೆ ಭಾಳ ತೆಳ್ಳಗ ಅದ ಅಂತ ಹೇಳಿತು. ಹಂಗಂತ ಯಾರಿಗೂ ಉಪಯೋಗ ಇಲ್ಲ ಅಂತಲ್ಲ. ಯಾರಿಗೆ ಉಪಯೋಗ ಆಗ್ತದ ಅಂತ ಮೊದಲ ತಿಳಿಯೋದಕ್ಕ ಈ ಬಯೋಮಾರ್ಕರ್, ಅಂದ್ರ ಮೈಯಾಗ ಅಳದು ನೋಡೋ ಗುರುತಿನ ಹುಡುಕಾಟ ನಡದದ.

ಡಾಕ್ಟರ್_ವಿಜಯಪುರ
ಇನ್ನೊಂದು, ಇದು ಭಾಳ ಮುಖ್ಯ ಅದ. "ಇಂಥವರಿಗೆ ನೋವು ಗೊತ್ತಾಗಂಗಿಲ್ಲ" ಅಂತ ಯಾರ ಹೇಳಲಿ, ಒಪ್ಪಬ್ಯಾಡ್ರಿ. ಮಿನ್ನೆಸೋಟಾ ವಿಶ್ವವಿದ್ಯಾಲಯದ ಫ್ರ್ಯಾಂಕ್ ಸೈಮನ್ಸ್ ಅವರ ತಂಡ ವಯಸ್ಕರ ಚರ್ಮದ ಸಣ್ಣ ಚೂರು ತಗದು ಸೂಕ್ಷ್ಮದರ್ಶಕದಾಗ ನೋಡ್ತು, ತಮಗ ತಾವು ಪೆಟ್ಟು ಮಾಡ್ಕೊಳ್ಳೋರ ಚರ್ಮದಾಗಿನ ನೋವಿನ ನರದ ಎಳಿಗಳ ರಚನೆ ಬ್ಯಾರೆ ಥರ ಇತ್ತು ಅಂತ 2008ರಾಗ ಪ್ರಕಟ ಮಾಡಿದ್ರು. ಮುಟ್ಟಿ, ಬಿಸಿ ತಣ್ಣಗಿನ್ದು ಹಚ್ಚಿ ನೋಡಿದಾಗೂ ಇವರು ಕಡಿಮಿ ಪ್ರತಿಕ್ರಿಯಾ ಕೊಡ್ಲಿಲ್ಲ, ಹೆಚ್ಚ ಕೊಟ್ರು. ನೋವು ಗೊತ್ತಾಗ್ತದ, ಹೇಳಾಕ ಬರಂಗಿಲ್ಲ ಅಷ್ಟ. ಕೆಲವರು ನೋವು ಇದ್ದಲ್ಲೇ ಹೊಡಕೊಳ್ತಾರ.

ಅಥಣಿ_ಅಪ್ಪ
ಅಂದ್ರ ಡಾಕ್ಟರ್, ನನ್ನ ಮಗಗ ನಾಲ್ಟ್ರೆಕ್ಸೋನ್ ಕೇಳಬಹುದೇನು ಇಲ್ಲೋ? ನೇರ ಹೇಳ್ರಿ.

ಡಾಕ್ಟರ್_ವಿಜಯಪುರ
ಕೇಳಬಹುದು ಸರ್, ನಿಮ್ಮ ಡಾಕ್ಟರ್ ಮುಂದ ಕುಂತು. ಲಿವರ್ ಟೆಸ್ಟ್ ಮಾಡಸಬೇಕಾಗ್ತದ. ನೋವಿಗೆ ಟ್ರಮಡಾಲ್ ಅಥವಾ ಕೆಮ್ಮಿಗೆ ಕೋಡೀನ್ ಇರೋ ಔಷಧ ನಡದಿದ್ರ ಇದು ಕೊಡಂಗಿಲ್ಲ. ಆದ್ರ ಅದಕ್ಕೂ ಮೊದಲ ಕಿವಿ, ಹಲ್ಲು, ಹೊಟ್ಟಿ, ಕಣ್ಣು ನೋಡ್ಸಿದ್ರೇನು? ಒಳಗ ಹುಣ್ಣಿದ್ರ ಯಾವ ಗುಳಿಗಿನೂ ಕೆಲಸಕ್ಕ ಬರಂಗಿಲ್ಲ.

ಅಥಣಿ_ಅಪ್ಪ
ಕಣ್ಣು ಯಾಕ್ರಿ? ಅಂವ ಹಣಿ ಹೊಡಕೊಳ್ಳೂದು.

ಡಾಕ್ಟರ್_ವಿಜಯಪುರ
ವರ್ಷಾನುಗಟ್ಲೆ ತೆಲಿಗೆ ಪೆಟ್ಟು ಬಿದ್ರ ಕಣ್ಣಿನ ಹಿಂದಿನ ಪರದೆ ಕಿತ್ತು ಬರಬಹುದು, ಮೋತಿಬಿಂದು ಬರಬಹುದು. ಅಂವ ಹೇಳಂಗಿಲ್ಲ, ಒಂದ ಬಾಜು ವಸ್ತುಗಳಿಗೆ ಎಡವಾಕ ಶುರು ಮಾಡಿದಾಗ ನಮಗ ಗೊತ್ತಾಗ್ತದ, ಅಷ್ಟೊತ್ತಿಗೆ ತಡ ಆಗಿರ್ತದ. ಅದಕ್ಕ ತೆಲಿ ಹೊಡಕೊಳ್ಳೋ ಎಲ್ಲಾರಿಗೂ ಹನಿ ಹಾಕಿ ಕಣ್ಣಿನ ಪರದೆ ನೋಡಸಬೇಕು ಅಂತ ನಾ ಹೇಳ್ತೀನಿ.

ಮುಧೋಳ_ಕಾಕಾ
ಹಟ ಅಂತೂ ಇರ್ತೈತಿ ಬಿಡ್ರಿ. ಎಲ್ಲಾದಕ್ಕೂ ರೋಗ ಅಂದ್ರ ಹೆಂಗ. ಬಡಕೊಂಡ್ರ ಮೊಬೈಲ್ ಕೊಡ್ತಾರ, ಹುಡುಗ ಅದನ್ನ ಕಲೀತಾನ.

ಗೋಕಾಕ_ಟೀಚರ್
ಕಾಕಾರ ಮಾತಿನ್ಯಾಗ ಒಂದ ತುಣುಕು ಖರೆ ಐತಿ, ಆದ್ರ ಅದಕ್ಕ ಹಟ ಅನ್ನೂದು ಅನ್ಯಾಯ. ವಿಶೇಷ ಮಕ್ಕಳ ಸಾಲ್ಯಾಗ ವರ್ಷಾನುಗಟ್ಲೆ ಕಲಿಸಿ ರಿಟೈರ್ ಆಗೇನಿ, ಅದಕ್ಕ ಹೇಳ್ತೇನಿ. ಮಾತು ಬರಲಾರದಾಂವಗ ಬಡಕೊಂಡ್ರ ಅವ್ವ ಓಡಿ ಬರ್ತಾಳ, ಬಡಕೊಂಡ್ರ ಒಲ್ಲದ ಕೆಲಸ ತಪ್ಪತೈತಿ ಅಂತ ಗೊತ್ತಾದ್ರ ಅದ ಅವನ ಮಾತು. ಬ್ರಯಾನ್ ಇವಾಟಾ ಅಂತ ಅಮೆರಿಕಾದವರು 1982ರಾಗನ ಇದನ್ನ ಪದ್ಧತಿಶೀರ ನೋಡೂ ವಿಧಾನ ಹಾಕಿಕೊಟ್ರು. ಒಬ್ಬನ ಬಿಟ್ಟಾಗ, ಕೆಲಸ ಹೇಳಿದಾಗ, ಆಡಿಸಿದಾಗ, ಬಡಕೊಂಡ ಕೂಡ್ಲೇ ಮಾತಾಡಿಸಿದಾಗ, ಯಾವಾಗ ಹೆಚ್ಚ ಬಡಕೊಂತಾರ ಅಂತ ಎಣಿಸಿ ನೋಡೂದು. ಕೆಲವರು ಯಾರೂ ಇರಲಾರದಾಗೂ ಬಡಕೊಂತಾರ, ಅವರಿಗೆ ಮಂದಿ ಸಂಬಂಧ ಇಲ್ಲ, ಕಾರಣ ಮೈಯೊಳಗ ಐತಿ.

ಜಮಖಂಡಿ ತಂಗಿ, ನಿನ್ನ ತಮ್ಮ ನಡುರಾತ್ರಿ ಎಲ್ಲಾರೂ ಮಲಗಿದಾಗ ಎದ್ದು ಬಡಕೊಂತಾನ ಅಂತ ಬರದಿ. ಆವಾಗ ಅಂವಗ ಯಾರಿಂದ ಏನು ಸಿಗತೈತಿ? ಅದಕ್ಕ ನನಗೂ ನೋವಂತ ಅನಸ್ತೈತಿ. ಒಂದ ನೋಟಬುಕ್ ಮಾಡು. ಹೊತ್ತು, ಅದಕ್ಕೂ ಮೊದಲ ಏನಾತು, ಎಲ್ಲಿ ಬಡಕೊಂಡ, ಆಮ್ಯಾಲೆ ಏನಾತು, ಊಟ, ನಿದ್ದಿ, ಸಂಡಾಸಕ್ಕ ಹೋದನೋ ಇಲ್ಲೋ. ಫೋನಿನ್ಯಾಗ ವಿಡಿಯೋನೂ ಮಾಡಿಟ್ಕೋ, ದವಾಖಾನ್ಯಾಗ ಡಾಕ್ಟರ್ ಮುಂದ ಸುಮ್ಮ ಕುಂತಿರ್ತಾನ, ಅವರು ನಂಬಂಗಿಲ್ಲ.

ಸಿಂದಗಿ_ತಂಗಿ
ಟೀಚರ್ ಹೇಳಿದ ನೋಟಬುಕ್ಕಿನಿಂದ ನಮ್ಮ ಅಕ್ಕಂದು ತಿಳೀತು. ಅಕಿಗೆ 34. ಕೈ ಕಚ್ಚಿಕೊಳ್ಳೋದು ಕ್ಯಾಲೆಂಡರಿನ್ಯಾಗ ಗುರುತು ಹಾಕ್ತಾ ಹೋದ್ವಿ, ಎಲ್ಲಾ ಮುಟ್ಟಿಗೆ ಎರಡು ಮೂರು ದಿನ ಮೊದಲ ಬರ್ತಿತ್ತು. ಹೊಟ್ಟಿ ನೋವು. ಈಗ ಆ ದಿನಗಳಿಗೆ ಡಾಕ್ಟರ್ ನೋವಿನ ಗುಳಿಗಿ ಬರಕೊಟ್ಟಾರ, ಬಿಸಿ ನೀರಿನ ಚೀಲ ಇಡ್ತೀವಿ, ಕೈ ಮ್ಯಾಲಿನ ಗಾಯ ಮಾಯ್ಕೊಂಡಾವ. ಹೆಣ್ಣಮಕ್ಕಳ ವಿಷಯದಾಗ ಇದನ್ನ ಯಾರೂ ಕೇಳಂಗಿಲ್ಲ.

ಹಲ್ಲಿನ_ಡಾಕ್ಟರ್_ನವನಗರ
ಇಳಕಲ್ ಅವ್ವಾರು ಹೇಳಿದ್ದು ನಾವು ಮ್ಯಾಲಿಂದ ಮ್ಯಾಲೆ ನೋಡ್ತೇವಿ. ಒಂದ ಮಾತು ಸೇರಸ್ತೇನಿ, ಫಿಟ್ಸಿಗೆ ಫೆನಿಟಾಯಿನ್ ನಡದಿದ್ರ ಒಸಡು ಬೆಳದು ಹಲ್ಲು ಮುಚ್ಚಾಕ ಬರ್ತಾವ, ಅದರ ಕೆಳಗ ಹೊಲಸು ಕುಂತು ಬಾವು ಬರ್ತೈತಿ. ಖುರ್ಚಿ ಮ್ಯಾಲೆ ಕುಂಡರಂಗಿಲ್ಲ ಅಂತ ಬಿಡಬ್ಯಾಡ್ರಿ. ಬಾಗಲಕೋಟಿ, ವಿಜಯಪುರ, ಬೆಳಗಾವಿ ಮೂರೂ ಕಡೆ ಡೆಂಟಲ್ ಕಾಲೇಜು ಅದಾವ, ಪೂರಾ ಅರವಳಿಕಿ ಕೊಟ್ಟು ಎಲ್ಲಾ ಹಲ್ಲು ಒಮ್ಮೆಲೆ ನೋಡೂ ಸೌಲಭ್ಯ ಐತೇನಂತ ಕೇಳ್ರಿ. ಅದ ಅರವಳಿಕಿಯೊಳಗ ಕಿವಿ ಡಾಕ್ಟರ್ ಬಂದು ಕಿವಿ ಸ್ವಚ್ಛ ಮಾಡಿ ನೋಡಬಹುದು, ರಕ್ತಾನೂ ಆವಾಗನ ತಗೀಬಹುದು, ಮೂರು ಸಲ ಅಮುಕಿ ಹಿಡಿಯೂದು ತಪ್ಪತೈತಿ.

ಲ್ಯಾಬ್_ಹುಡುಗ_ಬೆಳಗಾವಿ
ಇದು ಭಾರಿ ಐಡಿಯಾ ಸರ್.

ಕೆರೂರ_ಮಂಜ
ಬಾಗಲಕೋಟಿ ಅಂದಕೂಡ್ಲೇ ನೆನಪಾತು. ಹೋಳಿ ಹುಣ್ಣಿಮಿಗೆ ನಮ್ಮಲ್ಲಿ ಹಲಗಿ ಶುರು ಆತಂದ್ರ ಹಗಲು ರಾತ್ರಿ ನಿಲ್ಲಂಗಿಲ್ಲ. ನನ್ನ ತಂಗಿ ಮಗ ಆ ದಿನಗಳಾಗ ಎರಡೂ ಕಿವಿ ಬಡಕೊಂಡು ಬಡಕೊಂಡು ಕೆಂಪ ಮಾಡ್ಕೊಂತಾನ. ಓಣ್ಯಾಗ ಯಾರಿಗೆ ಬ್ಯಾಡ ಅನ್ನಾಕ ಆಕ್ಕೇತಿ?

ರಬಕವಿ_ಹಲಗಿ
ಹಲಗಿ ನಿಲ್ಲಸ್ರಿ ಅಂತ ಮಾತ್ರ ಹೇಳಬ್ಯಾಡ್ರಪ್ಪ, ನಮ್ಮ ಅಜ್ಜನ ಕಾಲದಿಂದ ಬಂದದ್ದು.

ಕೆರೂರ_ಮಂಜ
ನಿಲ್ಲಸ್ರಿ ಅಂತ ಯಾರಂದ್ರು? ಒಂದ ಓಣಿ ಬಿಟ್ಟು ಬಾರಸ್ರಿ ಅಂದ್ರೂ ಬೈತಾರ.

ಇಳಕಲ್_ಅವ್ವ
ಜಗಳ ಬಿಡ್ರಿ. ಕಾರ್ಖಾನಿಯೊಳಗ ಕಿವಿಗೆ ಹಾಕ್ಕೊಂತಾರಲ್ಲ ದಪ್ಪನ ಇಯರ್‌ಮಫ್, ಅದನ್ನ ಮೊದ್ಲ ಮನ್ಯಾಗ ದಿನಾ ಸ್ವಲ್ಪ ಹೊತ್ತು ಹಾಕಿ ರೂಢಿ ಮಾಡಸ್ರಿ. ಹಬ್ಬದ ದಿನಾನ ತಂದು ತುರುಕಿದ್ರ ಕಿತ್ತು ಒಗೀತಾನ.

ಬೈಲಹೊಂಗಲ_ರೈತ
ನಮ್ಮ ಅಣ್ಣನ ಮಗನ ರಿಪೋರ್ಟಿನ್ಯಾಗ ಯೂರಿಕ್ ಆಸಿಡ್ 8 ಬಂದೈತಿ, ವಯಸ್ಸು 24, ಬುದ್ಧಿಮಾಂದ್ಯ, ಬೆರಳು ಕಚ್ಚಿಕೊಂತಾನ. ಯೂರಿಕ್ ಆಸಿಡ್ ಹೆಚ್ಚಿದ್ರ ಮೈ ಕಚ್ಚಿಕೊಳ್ಳೂ ಒಂದ ರೋಗ ಐತಂತ ಯಾರೋ ಹೇಳಿದ್ರು, ಹೌದೇನ್ರಿ?

ಡಾಕ್ಟರ್_ವಿಜಯಪುರ
ಹೌದ್ರಿ, ಲೆಷ್-ನೈಹಾನ್ ಸಿಂಡ್ರೋಮ್. ಮೈಕಲ್ ಲೆಷ್ ಮತ್ತ ವಿಲಿಯಂ ನೈಹಾನ್ 1964ರಾಗ ವರದಿ ಮಾಡಿದ್ದು. ಎಚ್‌ಪಿಆರ್‌ಟಿ ಅನ್ನೋ ಕಿಣ್ವ ಇರಂಗಿಲ್ಲ, ಅದರ ಜೀನು ಎಕ್ಸ್ ಕ್ರೋಮೋಸೋಮಿನ ಮ್ಯಾಲೆ ಇರೋದರಿಂದ ಹೆಚ್ಚುಕಡಿಮಿ ಗಂಡುಮಕ್ಕಳಿಗೇ ಬರ್ತದ. ಬಯೋಮಾರ್ಕರ್ ಅಂದ್ರ ಏನು ಅಂತ ತಿಳಕೊಳ್ಳಾಕ ಇದಕ್ಕಿಂತ ಚಲೋ ಉದಾಹರಣಿ ಇಲ್ಲ, ಕಿಣ್ವ ಅಳದ್ರ ರೋಗ ಖಾತ್ರಿ. ಆದ್ರ ಅಲ್ಲೂ ಒಂದ ತೊಡಕದ. ಅಲೋಪ್ಯೂರಿನಾಲ್ ಕೊಟ್ರ ಯೂರಿಕ್ ಆಸಿಡ್ ಇಳೀತದ, ಕಿಡ್ನಿ ಉಳೀತಾವ, ತುಟಿ ಬೆರಳು ಕಚ್ಚಿಕೊಳ್ಳೋದು ಮಾತ್ರ ನಿಲ್ಲಂಗಿಲ್ಲ. ಅಂದ್ರ ಅಳದು ಹಿಡದ ವಸ್ತು ಬ್ಯಾರೆ, ಕಚ್ಚಸೋದು ಬ್ಯಾರೆ. ಮಿದುಳಿನ ಆಳದಾಗ ಡೋಪಮೀನ್ ಭಾಳ ಕಡಿಮಿ ಇರ್ತದ ಅಂತ ಆಮ್ಯಾಲೆ ಗೊತ್ತಾತು.

ನಿಮ್ಮ ಹುಡುಗಗ ಬರೇ 8 ನೋಡಿ ಅದ ಅನ್ನಾಕ ಬರಂಗಿಲ್ಲ. ಲೆಷ್-ನೈಹಾನ್ ಇದ್ದವರಿಗೆ ಮೊದಲನೇ ವರ್ಷದಾಗನ ಕುತ್ತಿಗಿ ನಿಲ್ಲಂಗಿಲ್ಲ, ಕೈಕಾಲು ತಿರಚತಾವ, ಲಂಗೋಟಿಯೊಳಗ ಕಿತ್ತಳಿ ಬಣ್ಣದ ಹರಳಿನಂಥಾದ್ದು ಕಾಣ್ತದ, ನಡ್ಯಾಕ ಬರೋದು ಭಾಳ ಅಪರೂಪ. ನಿಮ್ಮ ಹುಡುಗ ನಡೀತಾನೇನ್ರಿ?

ಬೈಲಹೊಂಗಲ_ರೈತ
ನಡ್ಯೂದೇನು, ಎತ್ತು ಹೊಡಕೊಂಡು ಹೊಲಕ್ಕ ಹೋಗ್ತಾನ್ರಿ. ತೂಕ ಮಾತ್ರ ಭಾಳ ಆಗೇತಿ.

ಡಾಕ್ಟರ್_ವಿಜಯಪುರ
ಹಂಗಾದ್ರ ಲೆಷ್-ನೈಹಾನ್ ಅನ್ನಾಕ ಕಾರಣ ಕಾಣಂಗಿಲ್ಲ. ತೂಕಕ್ಕೂ ಯೂರಿಕ್ ಆಸಿಡ್ ಏರ್ತದ. ಗುಳಿಗಿ ಯಾವ ಯಾವ ನಡದಾವ ಅಂತ ಚೀಟಿ ತಗೊಂಡು ತೋರಸ್ರಿ.

ಸಿಂದಗಿ_ತಂಗಿ
ಜೀನಿನಿಂದ ಬರೋದು ಬ್ಯಾರೆನೂ ಅದಾವಲ್ರಿ ಡಾಕ್ಟರ್?

ಡಾಕ್ಟರ್_ವಿಜಯಪುರ
ಅದಾವ. ಪ್ರೇಡರ್-ವಿಲ್ಲಿ ಇದ್ದವರು ಚರ್ಮ ಕೆರದು ಗಾಯ ಮಾಡ್ಕೊಳ್ತಾರ, ಹಸಿವು ತಡ್ಯಂಗಿಲ್ಲ. ಸ್ಮಿತ್-ಮಾಗೆನಿಸ್ ಇದ್ದವರು ಉಗುರು ಕಿತ್ಕೊಳ್ತಾರ, ಅವರಿಗೆ ಮೆಲಟೋನಿನ್ ರಾತ್ರಿ ಬಿಟ್ಟು ಹಗಲಿಗೆ ಏರ್ತದ, ಅದಕ್ಕ ರಾತ್ರಿ ನಿದ್ದಿ ಇಲ್ಲ. ಕೊರ್ನೇಲಿಯಾ ಡಿ ಲ್ಯಾಂಗ್ ಇದ್ದವರಿಗೆ ಹೊಟ್ಟಿಯ ಆಸಿಡ್ ಮ್ಯಾಲೆ ಉಕ್ಕಿ ಎದಿ ಉರೀತದ, ಉರಿ ತಡೀದ ಬಡಕೊಳ್ತಾರ. ಇವರು ಸಣ್ಣವರಿದ್ದಾಗ ಇಂಥ ಜೀನಿನ ಟೆಸ್ಟ್ ಸುಲಭ ಸಿಗ್ತಿರಲಿಲ್ಲ, ಅದಕ್ಕ ನಮ್ಮ ಕಡಿ ಎಷ್ಟೋ ವಯಸ್ಕರಿಗೆ ಹೆಸರ ಇಲ್ಲದ "ಬುದ್ಧಿಮಾಂದ್ಯ" ಅಂತ ಅಷ್ಟ ಬರದಿರ್ತದ. ಮುಖ ಚಹರೆ, ನಿದ್ದಿ, ಹಸಿವು ಏನರೆ ಬ್ಯಾರೆ ಥರ ಇದ್ರ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್, ಈ ದೊಡ್ಡ ಮನೋರೋಗ ದವಾಖಾನಿಗೆ ಹೋಗಿ ಕೇಳೋದು ಚಲೋ.

ಜಮಖಂಡಿ_ಅಕ್ಕ
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಏಜೆಂಟಗ ಒಲ್ಲೆ ಅಂತ ಹೇಳಿದೆ. ಈಗ ಅಂವ ಕೂದಲಿನ್ಯಾಗ ಸೀಸ, ಪಾದರಸ ಸಿಕ್ರ ಅದನ್ನ ತಗ್ಯಾಕ ಡ್ರಿಪ್ ಹಾಕ್ತಾರ, ನಿಮ್ಮ ತಮ್ಮನ್ನ ನೀವ ಹಾಳ ಮಾಡಾಕತ್ತೀರಿ ಅಂತ ಮೆಸೇಜ್ ಹಾಕಾಕತ್ತಾನ.

ಲ್ಯಾಬ್_ಹುಡುಗ_ಬೆಳಗಾವಿ
ಬ್ಲಾಕ್ ಮಾಡ್ರಿ ಅವನ. ಕೂದಲಿನ್ಯಾಗ ಶಾಂಪೂ, ಧೂಳು, ಬಾವಿ ನೀರು ಎಲ್ಲಾ ಸಿಗತೈತಿ. ಸೀಸದ ಅನುಮಾನ ಇದ್ರ ರಕ್ತದಾಗ ನೋಡ್ತಾರ, ಡಾಕ್ಟರ್ ಬರಕೊಟ್ರ. ಮಣ್ಣು, ಸುಣ್ಣಾ, ಪೇಂಟ್ ತಿನ್ನೂ ರೂಢಿ ಇದ್ದವರಿಗೆ ಅದು ಬೇಕಾಗತೈತಿ. ಮತ್ತ ಆ ಡ್ರಿಪ್ ಅಂದನಲ್ಲ, ಚೆಲೇಷನ್, 2005ರಾಗ ಅಮೆರಿಕಾದ ಪೆನ್ಸಿಲ್ವೇನಿಯಾದಾಗ ಆಟಿಸಂ ಇದ್ದ 5 ವರ್ಷದ ಹುಡುಗ ಅದನ್ನ ಹಾಕೂ ಹೊತ್ತಿನ್ಯಾಗ ಜೀವ ಬಿಟ್ಟ. ರಕ್ತದಾಗಿನ ಕ್ಯಾಲ್ಸಿಯಂ ಒಮ್ಮೆಲೆ ಇಳದು ಹೃದಯ ನಿಂತಿತು. ಆಟ ಅಲ್ರಿ ಅದು.

ಅಥಣಿ_ಅಪ್ಪ
ಇಷ್ಟೆಲ್ಲಾ ಓದಿ ನನಗ ಸಿಟ್ಟ ಬರಾಕತ್ತೈತಿ. ನನ್ನ ಮಗಗ ಇಷ್ಟು ವರ್ಷ ಬರೀ ರಿಸ್ಪೆರಿಡೋನ್ ಅನ್ನೂ ಮನೋರೋಗದ ಗುಳಿಗಿ, ಅದರ ಜೊತಿ ಕೈ ನಡಗಬಾರದಂತ ಇನ್ನೊಂದ ಗುಳಿಗಿ. ಒಬ್ಬರೂ ಅವನ ಬಾಯಿ ತಗಸಿ ನೋಡಿಲ್ಲ, ಹೊಟ್ಟಿ ಮುಟ್ಟಿ ನೋಡಿಲ್ಲ.

ಡಾಕ್ಟರ್_ವಿಜಯಪುರ
ನಿಮ್ಮ ಸಿಟ್ಟು ನ್ಯಾಯದ್ದ ಅದ. ಆ ಎರಡನೇ ಗುಳಿಗಿ ಮಲಬದ್ಧತಿ ಮಾಡ್ತದ, ಮಲಬದ್ಧತಿಯಿಂದ ಹೊಟ್ಟಿ ನೋವು, ಹೊಟ್ಟಿ ನೋವಿಗೆ ಬಡಕೊಳ್ಳೋದು, ಬಡಕೊಂಡದ್ದಕ್ಕ ಮತ್ತ ಡೋಸ್ ಏರಸೋದು. ರಿಸ್ಪೆರಿಡೋನಿನಿಂದ ಕೆಲವರಿಗೆ ಕುಂತಲ್ಲಿ ಕುಂಡ್ರಲಾರದಂಥ ಒಳಚಡಪಡಿಕಿನೂ ಬರ್ತದ, ನೋಡೋರಿಗೆ ಅದೂ ಕಾಟದಂಗ ಕಾಣ್ತದ. 2008ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಾಗ ಬಂದ ಪ್ರಯೋಗದಾಗ ಬುದ್ಧಿ ಬೆಳವಣಿಗಿ ಕುಂಠಿತ ಇರೋ 86 ವಯಸ್ಕರಿಗೆ ಆಕ್ರಮಣಶೀಲ ನಡವಳಿಕಿ ಸಲುವಾಗಿ ರಿಸ್ಪೆರಿಡೋನ್, ಅದರಂಥದ್ದ ಹ್ಯಾಲೋಪೆರಿಡಾಲ್, ಇಲ್ಲಾ ಔಷಧ ಇಲ್ಲದ ಗುಳಿಗಿ ಕೊಟ್ಟು ನೋಡಿದ್ರು, ಔಷಧ ಇಲ್ಲದ ಗುಳಿಗಿ ಎರಡಕ್ಕಿಂತಾ ಕಡಿಮಿ ಏನೂ ಇರಲಿಲ್ಲ. ಹಂಗಂತ ನೀವ ಒಮ್ಮೆಲೆ ನಿಲ್ಲಸಬ್ಯಾಡ್ರಿ, ಜೀವಕ್ಕ ತ್ರಾಸ ಆಗ್ತದ. ಡಾಕ್ಟರಿಗೆ "ಯಾಕ ಕೊಡಾಕತ್ತೀರಿ, ಯಾವಾಗ ಮತ್ತ ನೋಡ್ತೀರಿ" ಅಂತ ಕೇಳ್ರಿ, ಕೇಳೋ ಹಕ್ಕು ನಿಮಗದ. ಕೆಲವರಿಗೆ ಇದರಿಂದ ಖರೇನ ಅನುಕೂಲನೂ ಆಗೇದ.

ಹೊಸೂರು_ಹುಡುಗಿ
ಫಿಟ್ಸ್ ಗುಳಿಗಿ ಲೆವೆಟಿರಾಸಿಟಾಮ್ ಶುರು ಮಾಡಿದ ಮ್ಯಾಲೆ ನಮ್ಮ ಅಣ್ಣ ಸಿಟ್ಟಿನಾಂವ ಆದ. ಅದೂ ಕಾರಣ ಇರಬಹುದಾ?

ಡಾಕ್ಟರ್_ವಿಜಯಪುರ
ಇರಬಹುದು, ಅದರ ಗೊತ್ತಿರೋ ಅಡ್ಡಪರಿಣಾಮ ಅದು. ನರರೋಗ ಡಾಕ್ಟರಿಗೆ ತಾರೀಕು ಸಮೇತ ಹೇಳ್ರಿ.

ಮುಧೋಳ_ಕಾಕಾ
ಒಂದ ಕೇಳ್ತೇನಿ. ಕೈ ಕಟ್ಟೂದು ತಪ್ಪಂತೀರಿ, ರಕ್ತ ಬರೂವಂಗ ಹೊಡಕೊಂಡ್ರ ಏನು ನೋಡ್ಕೋತ ಕುಂಡ್ರೂದೇನು?

ಗೋಕಾಕ_ಟೀಚರ್
ಇಲ್ರಿ ಕಾಕಾ, ಕೈಯಾಗ ಮೆತ್ತನ್ನ ದಿಂಬು ಹಿಡದು ನಡುವ ಇಡಬೇಕು. ತೆಲಿಗೆ ಮೆತ್ತನ್ನ ಹೆಲ್ಮೆಟ್ ಬರ್ತಾವ, ಮೊಣಕೈ ಮಡಚಬಾರದಂತ ಪಟ್ಟಿ ಬರ್ತಾವ, ಥೆರಪಿಸ್ಟ್ ತೋರಿಸಿದಂಗ ಹೊತ್ತು ನೋಡಿ ಹಾಕಿ ತಗೀಬೇಕು. ಲೆಷ್-ನೈಹಾನ್ ಇದ್ದವರು ತಾವ ಕೈ ಕಟ್ರಿ ಅಂತ ಕೇಳ್ತಾರ, ಕಟ್ಟಿದ್ರ ಅವರಿಗೆ ಸಮಾಧಾನ. ಅದು ಅವರು ಕೇಳಿ ಕಟ್ಟಿಸ್ಕೊಳ್ಳೂದು. ದಿನಾ ಹಗಲೆಲ್ಲಾ ಖುರ್ಚಿಗೆ ಕಟ್ಟಿ ಕುಂಡ್ರಿಸೂದು ಶಿಕ್ಷಾ. ಎರಡಕ್ಕೂ ಭಾಳ ಅಂತರ ಐತಿ.

ಮುಧೋಳ_ಕಾಕಾ
ದಿಂಬಿಂದು ಚಲೋ ಐತಿ. ನಮ್ಮ ಓಣಿ ಹುಡುಗನ ಮನೀಗೆ ಹೇಳ್ತೇನಿ.

ಕೆರೂರ_ಮಂಜ
ನನಗ ತಿಳೀಲಾರದ್ದು ಇದು. ಸಣ್ಣ ಮಕ್ಕಳಿಗೆ ಸರಕಾರದ ತಪಾಸಣಿ ಐತಿ, ಸಾಲೀಗೆ ಬಂದು ನೋಡ್ತಾರ, ಜಿಲ್ಲಾ ದವಾಖಾನ್ಯಾಗ ಬ್ಯಾರೆ ಕೇಂದ್ರ ಐತಿ. 18 ದಾಟಿದಮ್ಯಾಲೆ ಇವರು ಎಲ್ಲಿಗೆ ಹೋಗಬೇಕು?

ಸಿಂದಗಿ_ತಂಗಿ
ಅದ ದೊಡ್ಡ ಪ್ರಶ್ನೆ. ಮಕ್ಕಳ ಡಾಕ್ಟರ್ ದೊಡ್ಡವಳಾದಳು ಅಂತಾರ, ದೊಡ್ಡವರ ಡಾಕ್ಟರ್ ಇಂಥವರನ್ನ ನಾವು ನೋಡಂಗಿಲ್ಲ ಅಂತಾರ. ಯುಡಿಐಡಿ, ಅಂದ್ರ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸ್ಕೊಂಡು ನಿರಾಮಯ ಆರೋಗ್ಯ ವಿಮಾ ಮಾಡಸ್ರಿ, ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟಿಂದು, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಕಲತೆ ಇದ್ದವರಿಗೆ ವರ್ಷಕ್ಕ 1 ಲಕ್ಷದ ತನಕ, ವಯಸ್ಸಿನ ಮಿತಿ ಇಲ್ಲ. ಓಪಿಡಿ ಖರ್ಚಿನ ಬಿಲ್ಲಿಗೂ ಒಂದ ಮಿತಿಯೊಳಗ ಬರ್ತದ. ರಾತ್ರಿ ಹೊತ್ತು ಕೈ ಮೀರಿದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕ ಫೋನ್ ಮಾಡ್ರಿ, ಕನ್ನಡದಾಗ ಮಾತಾಡ್ತಾರ.

ಅಥಣಿ_ಅಪ್ಪ
ನಮ್ಮ ತಾಲೂಕಿನ ದವಾಖಾನ್ಯಾಗ ಮಗಗ 18 ದಾಟೇತಿ, ಅಂವನ ಸಹಿ ಬೇಕು, ಇಲ್ಲಾಂದ್ರ ಅರವಳಿಕಿ ಕೊಡಂಗಿಲ್ಲ ಅಂತಾರ. ಅಂವಗ ಸಹಿ ಬರಂಗಿಲ್ಲ. ಏನು ಮಾಡ್ಲಿ?

ಗೋಕಾಕ_ಟೀಚರ್
ಕಾನೂನು ಪ್ರಕಾರ ಪಾಲಕತ್ವದ ಸರ್ಟಿಫಿಕೇಟ್ ಮಾಡಸ್ರಿ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದಾದಾಗ ಐತಿ, ಕೋರ್ಟಿಗೆ ಅಲೆಯೂ ಕೆಲಸ ಇಲ್ಲ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಕೊಡ್ತೈತಿ. ನಿಮಗ ಬೆಳಗಾವಿ ಡಿಸಿ ಆಫೀಸ್. ಅಂಗವಿಕಲರ ಕಲ್ಯಾಣ ಇಲಾಖಿಯಾಗ ಕೇಳಿದ್ರ ಅರ್ಜಿ ಕೊಡ್ತಾರ. ಅಂವನ ಯುಡಿಐಡಿ, ಆಧಾರ್, ನಿಮ್ಮಿಬ್ಬರ ಆಧಾರ್, ವಯಸ್ಸಿನ ದಾಖಲೆ, ಫೋಟೋ ಎಲ್ಲಾದರ ಝೆರಾಕ್ಸ್ ಎರಡೆರಡು ಸೆಟ್ ಇಟ್ಕೊಂಡು ಹೋಗ್ರಿ.

ಅಥಣಿ_ಅಪ್ಪ
ಅವರವ್ವನ ಹೆಸರೂ ಪಾಲಕರಂತ ಹಾಕಸಬಹುದೇನ್ರಿ? ನನಗ ಬಿಪಿ ಐತಿ, ನನ್ನ ಒಬ್ಬನ ಮ್ಯಾಲೆ ಇರೂದು ಬ್ಯಾಡ.

ಗೋಕಾಕ_ಟೀಚರ್
ತಂದಿ ತಾಯಿ ಇಬ್ಬರೂ ಕೂಡಿ ಅರ್ಜಿ ಹಾಕಬಹುದು. ಅರ್ಜಿಯಾಗ ಇಬ್ಬರ ಹೆಸರೂ ಬರಸ್ರಿ, ಸಹಿ ಇಬ್ಬರೂ ಮಾಡ್ರಿ. ಅಲ್ಲೀತನಕ ಹಲ್ಲಿಂದು ನಿಲ್ಲಸಬ್ಯಾಡ್ರಿ, ಹಚ್ಚಿದ ಅರ್ಜಿಯ ಸ್ವೀಕೃತಿ ಚೀಟಿ ತಗೊಂಡು ಡೆಂಟಲ್ ಕಾಲೇಜಿಗೆ ಹೋಗಿ ಅವರ ಮುಂದ ಇಡ್ರಿ.